ಹಳೇ ಟೆಂಪೋ ಟ್ರಾವೆಲರ್ ಕ್ಯಾಂಪರ್‌ಗೆ ಹುಬ್ಬಳ್ಳ್ಯಾಗ ಆಟೋ ಕ್ಲಚ್ ಹಾಕಿಸಿದ್ವಿ: 7 ತಿಂಗಳ ಓಡಿಸಿದ ಮ್ಯಾಲೆ ಬರೆದದ್ದು

ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಒಳಗ ಒಬ್ಬರು ಮಿಸ್ತ್ರಿ ಅದಾರ, ಎಲ್ಲಾರೂ ಚಾಚಾ ಅಂತಾರ, ನಾವೂ ಹಂಗ ಕರೀತೀವಿ. ನಮ್ಮ 2003ರ ಟೆಂಪೋ ಟ್ರಾವೆಲರ್ ಕ್ಯಾಂಪರ್ ಗಾಡಿಗೆ ಅವರ ಕೈಲೆ ಆಟೋ ಕ್ಲಚ್, ಅಂದ್ರ ಕಾಲಿನ ಬದಲಿ ಕ್ಲಚ್ ತಾನ ಒತ್ತೋ ಯಂತ್ರ, ಹಾಕಿಸಿ ಈಗ 7 ತಿಂಗಳಾತು. ಗಾಡಿ 4,800 ಕಿಲೋಮೀಟರ್ ಓಡೈತಿ, ಅದರಾಗ ಮುಕ್ಕಾಲು ಪಾಲು ನಾನ ಓಡಿಸೀನಿ. ನಾವು ಹುಡುಕಾಡಿದಾಗ ಕನ್ನಡದಾಗ ಈ ಬಗ್ಗೆ ಏನೂ ಸಿಗಲಿಲ್ಲ, ಅದಕ್ಕ ಉದ್ದ ಆದ್ರೂ ಚಿಂತಿಲ್ಲ ಅಂತ ಪೂರ್ತಿ ಬರ್ಯಾಕತ್ತೀನಿ. ಗ್ಯಾರೇಜ್ ಹೆಸರು, ಫೋನ್ ನಂಬರ್ ಹಾಕಂಗಿಲ್ಲ, ಅವರ ಬ್ಯಾಡ ಅಂದಾರ. ಅಲ್ಲೆ ಇರೋದು ಇಬ್ಬರ, ಚಾಚಾ ಮತ್ತ ಅವರ ಅಳಿಯ, ಒಂದು ಗಾಡಿ ಮುಗಿಯೋತನಕ ಇನ್ನೊಂದು ಒಳಗ ತಗೊಳ್ಳಂಗಿಲ್ಲ. ಹುಡುಕಿಕೊಂಡು ಹೋಗಾವ್ರಿಗೆ ಸಿಗತಾರ. ನೀಲಿ ಶೆಟರ್, ಮುಂದ ದೊಡ್ಡ ಬೇವಿನ ಗಿಡ.

ಗಾಡಿ ಬಗ್ಗೆ ಮೊದಲ ಹೇಳ್ತೀನಿ. ಕೆಎ 25 ಪಾಸಿಂಗ್, ಮುಂದಿನ ಜಾಳಗಿ ಮ್ಯಾಲೆ ಇನ್ನೂ ಬಜಾಜ್ ಟೆಂಪೋ ಅಂತನ ಐತಿ, ಯಾಕಂದ್ರ ಕಂಪನಿ ಹೆಸರು ಫೋರ್ಸ್ ಮೋಟರ್ಸ್ ಅಂತ ಬದಲಾಗಿದ್ದು 2005ರಾಗ. ನಮ್ಮ ಕಡೆ ಸಣ್ಣ ಲಾರಿ, ಮೂರು ಗಾಲಿ ಸಾಮಾನಿನ ಗಾಡಿ ಎಲ್ಲಾದಕ್ಕೂ ಟೆಂಪೋ ಅಂತೀವಲ್ಲ, ಅದು ಮೂಲದಾಗ ಜರ್ಮನಿಯ ಒಂದು ಕಂಪನಿ ಹೆಸರು, ಅವರ ಮೂರು ಗಾಲಿ ಗಾಡಿ ಪುಣೇದಾಗ ತಯಾರಾಗಿ ನಮ್ಮ ಸಂತಿ, ಬಜಾರಕ್ಕ ಬಂದು ಹೆಸರು ಹಂಗ ಉಳೀತು. ಟ್ರಾವೆಲರ್ ಗಾಡಿಯೂ ಮರ್ಸಿಡಿಸ್‌ನ ಹಳೇ ವ್ಯಾನ್ ಒಂದರ ಮ್ಯಾಲಿಂದ ಬಂದದ್ದು, ಇಂಜಿನ್ನೂ ಅವರ ಓಎಂ616 ವಂಶದ್ದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಬೈಲಹೊಂಗಲದ ಒಂದು ಮನಿತನದಾಗ ಇದ್ದ ಪ್ರೈವೇಟ್ ಗಾಡಿ, ನಾವು ತಗೊಂಡು ಒಳಗ ಎರಡು ಮಲಗು ಬೆಂಚು, ಗ್ಯಾಸ್ ಒಲಿ, 80 ಲೀಟರ್ ನೀರಿನ ಟಾಕಿ ಕೂಡಿಸಿದ್ವಿ. ಆರ್‌ಸಿಯೊಳಗ ಕ್ಯಾಂಪರ್ ವ್ಯಾನ್ ಅಂತ ಬದಲಿ ಮಾಡಿಸಿದ್ದು ಬ್ಯಾರೆನ ಒಂದು ಕಥಿ, ಅದನ್ನ ಇನ್ನೊಮ್ಮೆ ಬರೀತೀನಿ.

ಇಷ್ಟು ವರ್ಷ ಗಾಡಿ ಓಡಿಸಿದ್ದು ನಮ್ಮ ಮನಿಯವ್ರು. ಹೋದ ವರ್ಷ ಅವರದು ಎಡಗಾಲ ಮೊಣಕಾಲು ಆಪರೇಶನ್ ಆತು, ಗಂಟು ಬದಲಿ ಮಾಡಿದ್ರು. ನಡೀತಾರ, ಮೆಟ್ಟಲ ಹತ್ತತಾರ, ಆದ್ರ ಈ ಗಾಡಿ ಕ್ಲಚ್ ಅಂದ್ರ ನಿಮಗ ಗೊತ್ತಿದ್ದಾವ್ರಿಗೆ ಗೊತ್ತು, ಹೊಲದಾಗ ಟ್ರ್ಯಾಕ್ಟರ್ ಕ್ಲಚ್ ತುಳಿದಂಗ. ಧಾರವಾಡ ಕೆಲಗೇರಿಯಿಂದ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ತನಕ ಒಂದು ಸಲ ಹೋದ್ರ ನವಲೂರು, ಉಣಕಲ್ಲ, ವಿದ್ಯಾನಗರ, ಹೊಸೂರು ಅಂತ ಪ್ರತಿ ಸಿಗ್ನಲ್‌ಗೂ ತುಳೀಬೇಕು, ನಡುವ ಬಿಆರ್‌ಟಿಎಸ್ ಚಿಗರಿ ಬಸ್ಸಿನ ದಾರಿ ಬಿಟ್ಟು ಉಳಿದ ಸಣ್ಣ ಜಾಗಾದಾಗ ಎಲ್ಲಾ ಗಾಡಿ ಹರೀಬೇಕು. ಡಾಕ್ಟರ್ ಸಾಫ್ ಹೇಳಿದ್ರು, ಭಾರದ ಕ್ಲಚ್ ಬ್ಯಾಡ ಅಂತ. ನಾನು ಸಾಲಿ ಟೀಚರ್, ನನಗ ಲೈಸೆನ್ಸ್ 1998ರಿಂದ ಐತಿ, ಸಾಲಿಗೆ ಹೋಗಿಬರಾಕ ಸ್ಕೂಟರು, ಮಗಳ ಆಟೋಮ್ಯಾಟಿಕ್ ಕಾರು ಎರಡೂ ಓಡಸ್ತೀನಿ, ಆದ್ರ ಟ್ರಾವೆಲರ್ ಕ್ಲಚ್ ಪೂರ್ತಿ ತುಳೀಬೇಕಂದ್ರ ನಾನು ಸೀಟಿನ ಅಂಚಿಗೆ ಸರೀಬೇಕಾಗ್ತಿತ್ತು, ಹಂಗ ಸರಿದ್ರ ಕನ್ನಡಿ ಕಾಣಂಗಿಲ್ಲ. ಗಾಡಿ ಮಾರಿಬಿಡೂಣು ಅಂದ್ರು ಅವರು. ಮಕ್ಕಳು ದೂರ ಇರೋ ಮನಿಯಾಗ ಆ ಗಾಡಿ ಒಂದು ಮನಿಷ್ಯಾ ಇದ್ದಂಗ, ನಾನು ಆಗಂಗಿಲ್ಲ ಅಂದೆ.

ಮೊದಲ ನಾವು ಹೋಗಿದ್ದು ಚಾಚಾ ಕಡೆ ಅಲ್ಲ. ಬ್ಯಾರೆ ಊರಿನ ಒಂದು ಗ್ಯಾರೇಜ್, ಹೆಸರು ಹೇಳಂಗಿಲ್ಲ, ಅವರು ಪೂರ್ತಿ ಆಟೋಮ್ಯಾಟಿಕ್ ಮಾಡಿ ಕೊಡ್ತೀವಿ, ಆಕ್ಸಿಡೆಂಟ್ ಆದ ದೊಡ್ಡ ಗಾಡಿಯೊಂದರ ಗೇರ್‌ಬಾಕ್ಸ್ ನಮ್ಮ ಹತ್ರ ಐತಿ, 2.75 ಲಕ್ಷ ಆಗ್ತೈತಿ ಅಂದ್ರು. 60,000 ಅಡ್ವಾನ್ಸ್ ಕೊಟ್ವಿ. ಐದು ವಾರ ಗಾಡಿ ಅಲ್ಲೇ ನಿಂತ್ತು, ಪ್ರತಿ ಸೋಮವಾರ ಫೋನ್ ಮಾಡಿದ್ರ "ಪ್ಲೇಟ್ ಲೇತ್‌ಗೆ ಹೋಗೈತಿ" ಅನ್ನೋದೊಂದ ಉತ್ತರ. ಕಡೀಕ ನಾವ ಹೋಗಿ ನೋಡಿದ್ರ ನಮ್ಮ ಗೇರ್‌ಬಾಕ್ಸ್ ಬಿಚ್ಚಿ ನೆಲದ ಮ್ಯಾಲೆ ಇಟ್ಟಾರ, ಬಾಯಿಗೆ ಒಂದು ಬಟ್ಟಿ ಸೈತ ಮುಚ್ಚಿಲ್ಲ, ಮಳಿಗಾಲ, ಒಳಗ ನೀರು ಹನಿ. ನನಗ ಆವತ್ತು ಅಲ್ಲೆ ನಿಂತು ಅಳು ಬಂತು. ಜಗಳಾಡಿ 45,000 ವಾಪಸ್ ತಗೊಂಡು, ಗೇರ್‌ಬಾಕ್ಸ್ ಮತ್ತ ಕೂಡಿಸಿಕೊಂಡು ಮನಿಗೆ ತಂದ್ವಿ. 15,000 ಹೋತು, ಅದಕ್ಕಿಂತ ನಂಬಿಕಿ ಹೋತು.

ಚಾಚಾ ಬಗ್ಗೆ ಹೇಳಿದ್ದು ನಮ್ಮ ಓಣಿಯ ಸ್ಕೂಲ್ ವ್ಯಾನ್ ಓಡಿಸೋ ಹುಡುಗ. ದೀಪಾವಳಿ ಮುಗಿದ ಮ್ಯಾಲೆ ಒಂದು ಮುಂಜಾನೆ ಹೋದ್ವಿ. ಅವರು ಬಾನೆಟ್ ತೆಗೀಲಿಲ್ಲ, ಮೊದಲ ಕೇಳಿದ ಪ್ರಶ್ನೆ, "ಟೀಚರ್ರ, ಗಾಡಿ ಯಾರು ಓಡಸೋದು?" ಇಬ್ಬರೂ ಅಂದೆ. "ಹಂಗಾದ್ರ ನೀವು ಕುಂಡ್ರ್ರಿ ಮೊದಲ" ಅಂದು ನನ್ನ ಸೀಟಿನ ಮ್ಯಾಲೆ ಕುಂಡ್ರಿಸಿ, ಕ್ಲಚ್ ತುಳಿಯಾಕ ಹೇಳಿ, ನನ್ನ ಮೊಣಕಾಲು ಎಷ್ಟು ಮಡಚ್ತೈತಿ, ಬೆನ್ನು ಸೀಟಿಗೆ ಹತ್ತೈತೋ ಇಲ್ಲೋ ನೋಡಿದ್ರು. ಆಮ್ಯಾಲೆ ನಮ್ಮ ಮನಿಯವ್ರನ್ನ ಕುಂಡ್ರಿಸಿ ಕ್ಲಚ್ ಮುಟ್ಟಬ್ಯಾಡ್ರಿ, ಬರೇ ಗೇರ್ ಹಾಕಿ ತೋರಸ್ರಿ ಅಂದ್ರು. ಗಾಡಿ ನೋಡೋಕಿಂತ ಮೊದಲ ಓಡಸಾವ್ರನ್ನ ನೋಡಿದ ಗ್ಯಾರೇಜ್ ನಾನು ಇದಕ್ಕಿಂತ ಮುಂಚೆ ಕಂಡಿರಲಿಲ್ಲ.

ನಾವು ಪೂರ್ತಿ ಆಟೋಮ್ಯಾಟಿಕ್ ಬೇಕು, ರೊಕ್ಕ ಕೂಡಿಸಿಟ್ಟೀವಿ ಅಂದ್ವಿ. ಅವರು ಒಂದು ಸೀಮೆಸುಣ್ಣ ತಗೊಂಡು ಗ್ಯಾರೇಜ್ ನೆಲದ ಮ್ಯಾಲೆ ಇಂಜಿನ್, ಗೇರ್‌ಬಾಕ್ಸ್ ಚಿತ್ರ ತಗದು, ಸಾಲಿ ಮಾಸ್ತರ ಹೇಳಿದಂಗ ಅರ್ಧ ತಾಸು ಹೇಳಿದ್ರು. ನಾನು ಮಕ್ಕಳಿಗೆ ವಿಜ್ಞಾನ ಹೇಳಾಕಿ, ಇಷ್ಟು ಚಂದ ಬಿಡಿಸಿ ಹೇಳೋದು ಎಲ್ಲಾರಿಗೂ ಬರಂಗಿಲ್ಲ. ನನಗ ತಿಳಿದಷ್ಟು ಇಲ್ಲೆ ಬರೀತೀನಿ, ಯಾಕಂದ್ರ ಇದು ಗೊತ್ತಿದ್ರ ನಮ್ಮ 15,000 ಉಳೀತಿತ್ತು.

ಮ್ಯಾನ್ಯುವಲ್ ಗಾಡಿಯೊಳಗ ಇಂಜಿನ್ ಹಿಂದ ಭಾರದ ಫ್ಲೈವೀಲ್ ಇರ್ತೈತಿ, ಅದಕ್ಕ ಕ್ಲಚ್ ಪ್ಲೇಟ್ ಒತ್ತಿಕೊಂಡು ಗೇರ್‌ಬಾಕ್ಸ್‌ಗೆ ಶಕ್ತಿ ಕಳಸ್ತೈತಿ. ಆಟೋಮ್ಯಾಟಿಕ್ ಒಳಗ ಅದೆಲ್ಲಾ ಇಲ್ಲ, ಫ್ಲೈವೀಲ್ ತಗದು ಫ್ಲೆಕ್ಸ್ ಪ್ಲೇಟ್ ಅನ್ನೋ ತೆಳ್ಳನ ಪ್ಲೇಟ್ ಹಾಕಬೇಕು, ಅದಕ್ಕ ಎಣ್ಣಿ ತುಂಬಿದ ಟಾರ್ಕ್ ಕನ್ವರ್ಟರ್ ಕೂಡಸ್ಬೇಕು, ಕ್ಲಚ್ ಬದಲಿ ಅದು ಎಣ್ಣಿ ಮೂಲಕ ಶಕ್ತಿ ದಾಟಸ್ತೈತಿ. ಒಂದು ಕಂಪನಿ ಇಂಜಿನ್‌ಗೆ ಇನ್ನೊಂದು ಕಂಪನಿ ಗೇರ್‌ಬಾಕ್ಸ್ ಬೋಲ್ಟ್ ತೂತು ಕೂಡಂಗಿಲ್ಲ, ನಡುವ ದಪ್ಪ ಅಡಾಪ್ಟರ್ ಪ್ಲೇಟ್ ಲೇತ್‌ದಾಗ ಮಾಡಿಸ್ಬೇಕು, ಅದರ ಸೆಂಟರ್ ಕೂದಲಷ್ಟು ತಪ್ಪಿದ್ರೂ ಗೇರ್‌ಬಾಕ್ಸ್ ಒಳಗಿನ ಎಣ್ಣಿ ಪಂಪಿನ ಬುಷ್ಷು, ಸೀಲು ಲಗೂನ ಹೋಗ್ತಾವ. ಸೆಲ್ಫ್ ಮೋಟರ್ ಹಲ್ಲು ರಿಂಗ್‌ಗೆ ಸರಿ ಕೂಡಬೇಕು. ಗೇರ್‌ಬಾಕ್ಸ್ ಉದ್ದ ಬ್ಯಾರೆ, ಅಂದ್ರ ಹಿಂದಿನ ಗಾಲಿಗೆ ಶಕ್ತಿ ಒಯ್ಯೋ ಪ್ರೊಪೆಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸ್ಬೇಕು, ಇಲ್ಲಾಂದ್ರ 60ರ ಸ್ಪೀಡಿಗೆ ಗಾಡಿ ನಡುಗ್ತೈತಿ. ಗೇರ್‌ಬಾಕ್ಸ್ ಎಣ್ಣಿ ಬಿಸಿ ಆಗ್ತೈತಿ, ಅದಕ್ಕ ಬ್ಯಾರೆ ಕೂಲರ್ ಬೇಕು. ಇಷ್ಟೆಲ್ಲಾ ರೊಕ್ಕ ಕೊಟ್ರ, ಟೈಮ್ ಕೊಟ್ರ ಆಗೋ ಕೆಲಸ ಅಂದ್ರು.

ಆಗಲಾರದ್ದು ಮುಂದಿಂದು. ಹೊಸ ಗಾಡಿ ಗೇರ್‌ಬಾಕ್ಸ್‌ಗೆ ಒಂದು ಕಂಪ್ಯೂಟರ್ ಇರ್ತೈತಿ, ಯಾವಾಗ ಯಾವ ಗೇರ್ ಅಂತ ಅದು ಹೇಳ್ತೈತಿ, ಅದಕ್ಕ ಇಂಜಿನ್ ಎಷ್ಟು ತಿರಗಾಕತ್ತೈತಿ, ಎಕ್ಸಲೇಟರ್ ಎಷ್ಟು ತುಳಿದಾರ ಅನ್ನೋ ಸುದ್ದಿ ಇಂಜಿನ್ ಕಂಪ್ಯೂಟರಿನಿಂದ ಬರಬೇಕು. ನಮ್ಮ ಗಾಡಿಯೊಳಗ ಆ ಕಂಪ್ಯೂಟರ್ರ ಇಲ್ಲ. ಹಂಗಾದ್ರ ಕಂಪ್ಯೂಟರ್ ಇಲ್ಲದ ಹಳೇ ಕಾಲದ ಆಟೋಮ್ಯಾಟಿಕ್ ಹಾಕೂಣಂದ್ರ, ಅದಕ್ಕ ಇಂಜಿನ್‌ನ ವ್ಯಾಕ್ಯೂಮ್, ಅಂದ್ರ ಗಾಳಿ ಹೀರೋ ಎಳೆತ, ಬೇಕು, ಪೆಟ್ರೋಲ್ ಇಂಜಿನ್ ಎಕ್ಸಲೇಟರ್ ತಕ್ಕಂಗ ತಾನ ವ್ಯಾಕ್ಯೂಮ್ ಹುಟ್ಟಸ್ತೈತಿ, ಡೀಸೆಲ್ ಹುಟ್ಟಸಂಗಿಲ್ಲ, ಡೀಸೆಲ್ ಪಂಪಿನ ಮ್ಯಾಲೆ ಬ್ಯಾರೆ ವಾಲ್ವ್ ಕೂಡಿಸಿ ಹೊಂದಸ್ಬೇಕು. "ಇದ ಇಂಜಿನ್ ವಂಶಕ್ಕ ಮರ್ಸಿಡಿಸ್‌ನಾವ್ರು 240 ಡಿ ಕಾರಿನ್ಯಾಗ ಆಟೋಮ್ಯಾಟಿಕ್ ಕೊಟ್ಟಿದ್ರು ಟೀಚರ್ರ, ಕಾರಿಗೇ ಅದು ನಿಧಾನ, ನಿಮ್ಮ ಗಾಡಿಯೊಳಗ ಮನಿನ ಐತಿ" ಅಂದ್ರು. ಇಂಜಿನ್ ಶಕ್ತಿ ಕಡಿಮಿ, ಗಾಡಿ ಭಾರ, ಟಾರ್ಕ್ ಕನ್ವರ್ಟರ್ ಒಂದಿಷ್ಟು ಶಕ್ತಿ ಎಣ್ಣಿ ಬಿಸಿ ಮಾಡೋದ್ರಾಗ ಕಳೀತೈತಿ, ಘಟ್ಟ ಹತ್ತಬೇಕಾದ್ರ ಹಿಂದ ಲಾರಿ ಸಾಲು ನಿಲ್ತೈತಿ. ಮತ್ತ ದಾರಿಯಾಗ ಕೆಟ್ರ ದಬ್ಬಿ ಸ್ಟಾರ್ಟ್ ಮಾಡಾಕ ಬರಂಗಿಲ್ಲ, ಹಿಂದಿನ ಗಾಲಿ ನೆಲದ ಮ್ಯಾಲೆ ಇಟ್ಟು ದೂರ ಎಳಕೊಂಡು ಹೋಗಾಕೂ ಬರಂಗಿಲ್ಲ, ಇಂಜಿನ್ ಬಂದ್ ಇದ್ರ ಗೇರ್‌ಬಾಕ್ಸ್ ಒಳಗ ಎಣ್ಣಿ ತಿರಗಂಗಿಲ್ಲ, ಒಣಾ ತಿರಗಿ ಸುಡ್ತೈತಿ.

ಕಡೀಕ ಅವರು ಅಂದದ್ದು ನನಗ ಇನ್ನೂ ನೆನಪೈತಿ. "ನಿಮಗ ಗೇರ್ ಹಾಕೋದು ತ್ರಾಸ ಇಲ್ಲ, ಕೈ ಚಲೋ ಅದಾವ. ತ್ರಾಸ ಇರೋದು ಎಡಗಾಲಿಗೆ. ಎಡಗಾಲಿನ ಕೆಲಸ ಅಷ್ಟ ತಗದುಬಿಡೂಣು. ಮೂರು ಲಕ್ಷದ ಕೆಲಸ ಯಾಕ ಮಾಡಸ್ತೀರಿ?" ಮೂರು ಲಕ್ಷ ಕೊಡಾಕ ತಯಾರಾಗಿ ಬಂದ ಗಿರಾಕಿಗೆ ಅದರ ಐದನೇ ಒಂದು ಪಾಲಿನ ಕೆಲಸ ಸಾಕು ಅಂದ್ರು. ನನ್ನ ಪೂರ್ತಿ ಅಭಿಪ್ರಾಯ ಇದರ ಮ್ಯಾಲೆ ನಿಂತೈತಿ. ಉಳಿದದ್ದು ಕೆಲಸದ ವಿವರ.

ಆಟೋ ಕ್ಲಚ್ ಅಂದ್ರ, ಗೇರ್‌ಬಾಕ್ಸ್ ಮ್ಯಾನ್ಯುವಲ್ ಹಂಗ ಉಳೀತೈತಿ, ಕ್ಲಚ್ ತುಳಿಯೋ ಕೆಲಸ ಒಂದು ಯಂತ್ರ ಮಾಡ್ತೈತಿ. 2014ರಾಗ ಮಾರುತಿ ಸೆಲೆರಿಯೋ ಬಂದಾಗ ಎಎಂಟಿ ಅಂತ ಹೆಸರು ಕೇಳಿದ್ವಲ್ಲ, ಅದರ ಅರ್ಧ ಭಾಗ ಅಂತ ತಿಳಕೊಳ್ರಿ, ಅದರಾಗ ಗೇರೂ ತಾನ ಬೀಳ್ತೈತಿ, ಇದರಾಗ ಗೇರ್ ನಾವ ಹಾಕಬೇಕು. ಕಾಲಿಗೆ ತೊಂದರಿ ಇದ್ದಾವ್ರ ಸಲುವಾಗಿ ಈ ಕಿಟ್ ನಮ್ಮ ದೇಶದಾಗ ಸಿಗತಾವ. ನಮ್ಮ ಗಾಡಿಗೆ ಹಾಕಿದ್ದು ವ್ಯಾಕ್ಯೂಮ್ ಮ್ಯಾಲೆ ನಡೆಯೋದು, ಒಂದು ದುಂಡನ ಡಬ್ಬಿಯಂಥಾದ್ದು ಬಾನೆಟ್ ಒಳಗ ಕುಂಡ್ರತೈತಿ, ಅದರಿಂದ ಗಟ್ಟಿ ಕೇಬಲ್ ಬಂದು ಕ್ಲಚ್ ಪೆಡಲ್‌ನ ಎಳೀತೈತಿ. ಪೆಡಲ್ ತನ್ನ ಜಾಗಾದಾಗ ಹಂಗ ಇರ್ತೈತಿ, ಮೊದಲನೇ ಸಲ ಕಾಲು ಹಚ್ಚಲಾರದ ಅದು ತಾನ ಕೆಳಗ ಹೋಗಿ ಮ್ಯಾಲೆ ಬಂದದ್ದು ನೋಡಿ ನಮ್ಮ ಮನಿಯವ್ರು ಸುಮ್ಮನ ನನ್ನ ಮುಖ ನೋಡಿದ್ರು.

ಕಿಟ್ ಬರೋಕಿಂತ ಮೊದಲ ಚಾಚಾ ಹಳೇ ಕ್ಲಚ್ ಪೂರ್ತಿ ಬಿಚ್ಚಿದ್ರು. ಸವೆದ ಕ್ಲಚ್ ಮ್ಯಾಲೆ ಆಟೋ ಕಿಟ್ ಹಾಕೋದು ಅಂದ್ರ ಬಿರುಕು ಬಿಟ್ಟ ಗ್ವಾಡಿಗೆ ಬಣ್ಣ ಹಚ್ಚಿದಂಗ ಅಂತ ಅವರ ಮಾತು. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಹೊಸಾವು, ಕ್ಲಚ್ ಎಣ್ಣಿ ದಬ್ಬೋ ಮ್ಯಾಲಿನ ಸಿಲಿಂಡರ್, ಕೆಳಗಿನ ಸಿಲಿಂಡರ್ ಎರಡಕ್ಕೂ ಹೊಸ ರಬ್ಬರ್ ಕಿಟ್. ಇದಾದ ಮ್ಯಾಲೆ ಪೆಡಲ್ ಅರ್ಧಕ್ಕರ್ಧ ಹಗುರಾತು, ಒಂದು ಕ್ಷಣ ನನಗ ಇಷ್ಟ ಸಾಕೇನೋ ಅನ್ನಿಸ್ತು, ಮನಿಯವ್ರ ಕಾಲಿಗೆ ಸಾಕಾಗ್ತಿರಲಿಲ್ಲ.

ವ್ಯಾಕ್ಯೂಮ್ ವಿಷಯ ದಯಮಾಡಿ ಲಕ್ಷ್ಯಕೊಟ್ಟು ಓದ್ರಿ. ನಮ್ಮ ಗಾಡಿ ಬ್ರೇಕ್ ಹಗುರ ಇರೋದು ಬೂಸ್ಟರ್‌ನಿಂದ, ಆ ಬೂಸ್ಟರ್‌ಗೆ ಶಕ್ತಿ ಇಂಜಿನ್‌ಗೆ ಕೂಡಿಸಿದ ವ್ಯಾಕ್ಯೂಮ್ ಪಂಪಿಂದ ಬರ್ತೈತಿ. ಕ್ಲಚ್ ಕಿಟ್‌ಗೂ ಅದ ಪಂಪಿನ ವ್ಯಾಕ್ಯೂಮ್ ಬೇಕು. ಬರೇ ಒಂದು ಟಿ ಆಕಾರದ ಜಾಯಿಂಟ್ ಜೋಡಿಸಿ ಪೈಪ್ ತಗದು ಕೊಟ್ರ, ಸಿಗ್ನಲ್‌ದಾಗ ಹತ್ತು ಸಲ ಕ್ಲಚ್ ಎಳೆದ ಮ್ಯಾಲೆ ಬ್ರೇಕ್‌ಗೆ ಉಳಿಯೋದು ಕಡಿಮಿ ಆಗ್ತೈತಿ, ಅದೂ ಇಳಿಜಾರಿನ್ಯಾಗ. ಚಾಚಾ ಕ್ಲಚ್ ಸಲುವಾಗಿ ಬ್ಯಾರೆ ಒಂದು ಟ್ಯಾಂಕ್ ಕೂಡಿಸಿದ್ರು, ಅದಕ್ಕೊಂದು ಒಮ್ಮುಖ ವಾಲ್ವ್, ಬ್ರೇಕ್ ಪೈಪಿಗೆ ಇದ್ದ ಹಳೇ ವಾಲ್ವ್ ತಗದು ಹೊಸಾದು. ಕೆಲಸಕ್ಕಿಂತ ಮೊದಲ ಇಂಜಿನ್ ಬಂದ್ ಮಾಡಿ ಬ್ರೇಕ್ ಎಷ್ಟು ಸಲ ಮೆತ್ತಗ ತುಳಿಯಾಕ ಬರ್ತೈತಿ ಅಂತ ಎಣಿಸಿದ್ದರು, ನಾಲ್ಕು ಸಲ ಬಂತು, ಐದನೇದು ಕಲ್ಲಿನಂಗ. ಕಿಟ್ ಹಾಕಿದ ಮ್ಯಾಲೆ ಕ್ಲಚ್ ಆರು ಸಲ ಎಳಸಿ, ಇಂಜಿನ್ ಬಂದ್ ಮಾಡಿ, ನನ್ನ ಕಾಲ ಹಚ್ಚಿಸಿ ಮತ್ತ ಎಣಿಸಿದ್ರು. ನಾಲ್ಕ ಬಂತು. ಬ್ಯಾರೆ ಯಾರ ಹತ್ರ ಮಾಡಿಸಿದ್ರೂ ಈ ಎಣಿಕಿ ನಿಮ್ಮ ಕಣ್ಣ ಮುಂದ ಮಾಡಿಸ್ರಿ, ಇಲ್ಲಾಂದ್ರ ಗಾಡಿ ಹೊರಗ ತಗೀಬ್ಯಾಡ್ರಿ.

ವೈರಿಂಗ್ ಕೆಲಸ ಅಳಿಯಂದು. ಹಳೇ ಡೀಸೆಲ್ ಇಂಜಿನ್ ಎಷ್ಟು ತಿರಗಾಕತ್ತೈತಿ ಅಂತ ತಿಳಿಯಾಕ ಸ್ಪಾರ್ಕ್ ಪ್ಲಗ್ ಇಲ್ಲ, ಏನಿಲ್ಲ, ಅದಕ್ಕ ಡೈನಮೋ ಅಂತೀವಲ್ಲ, ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್, ಅದರ ಡಬ್ಲ್ಯು ಟರ್ಮಿನಲ್‌ನಿಂದ ವೈರ್ ತಗದಾನ, ಎಕ್ಸಲೇಟರ್ ಪೆಡಲ್‌ಗೆ ಒಂದು ಸೆನ್ಸರ್, ಸ್ಪೀಡ್ ತಿಳಿಯಾಕ ಹಿಂದಿನ ಶಾಫ್ಟ್‌ಗೆ ಮ್ಯಾಗ್ನೆಟ್. ಗೇರ್ ಗುಂಡಿನ ಮ್ಯಾಲೆ ಒಂದು ಸ್ವಿಚ್. ಡ್ಯಾಶ್‌ಬೋರ್ಡ್ ಕೆಳಗ ಇನ್ನೊಂದು ಸ್ವಿಚ್, ಅದನ್ನ ಬಂದ್ ಮಾಡಿದ್ರ ಗಾಡಿ ಮೊದಲಿನಂಗ ಪೂರ್ತಿ ಮ್ಯಾನ್ಯುವಲ್. ನನ್ನ ಮೈದುನ ಬಂದಾಗ ಹಂಗ ಓಡಸ್ತಾನ, ಕಿಟ್ ಕೆಟ್ರ ಮನಿಗೆ ಬರಾಕ ದಾರಿ ಐತಿ ಅನ್ನೋದು ನನಗ ಭಾಳ ದೊಡ್ಡ ಧೈರ್ಯ.

ಸೆಟ್ಟಿಂಗ್ ಮಾಡೋ ದಿನ ಚಾಚಾ ಫೋನ್ ಮಾಡಿ, ನೀರಿನ ಟಾಕಿ ತುಂಬಕೊಂಡು, ಊರಿಗೆ ಹೋಗುವಾಗ ಏನೇನು ಸಾಮಾನು ಹಾಕ್ತೀರೋ ಅಷ್ಟೂ ಹಾಕ್ಕೊಂಡು ಬರ್ರಿ ಅಂದ್ರು, ಖಾಲಿ ಗಾಡಿಗೆ ಸೆಟ್ ಮಾಡಿದ್ರ ಭಾರಕ್ಕ ಎಳಿಯಂಗಿಲ್ಲ. ನಾವು ಹಾಸಿಗಿ, ಸಿಲಿಂಡರ್, ಕುರ್ಚಿ, ರೊಟ್ಟಿ ಬುಟ್ಟಿ ಸೈತ ಹಾಕ್ಕೊಂಡು ಹೋದ್ವಿ. ನೃಪತುಂಗ ಬೆಟ್ಟದ ಏರಿನ ಮ್ಯಾಲೆ ಎರಡು ತಾಸು, ನಿಲ್ಲಸೋದು, ಎತ್ತೋದು, ಮತ್ತ ನಿಲ್ಲಸೋದು. ಮೊದಲು ನಾನು, ಆಮ್ಯಾಲೆ ಮನಿಯವ್ರು. ಕ್ಲಚ್ ಎಷ್ಟು ನಿಧಾನ ಬಿಡಬೇಕು ಅನ್ನೋದನ್ನ ಇಬ್ಬರ ಕಾಲಿಗೂ ಹೊಂದೋ ಹಂಗ ಚಾಚಾ ಬದಲಿ ಮಾಡ್ತಾ ಹೋದ್ರು. ಅಲ್ಲೇ ಬೆಟ್ಟದ ಮ್ಯಾಲೆ ಎಲ್ಲಾರೂ ರೊಟ್ಟಿ, ಶೇಂಗಾ ಚಟ್ನಿ ತಿಂದ್ವಿ.

ಈಗ ಓಡಿಸೋದು ಹೆಂಗ ಐತಿ. ಸೆಲ್ಫ್ ಹೊಡದು, ಗುಂಡಿನ ಸ್ವಿಚ್ ಒತ್ತಿ ಫಸ್ಟ್ ಹಾಕಿ, ಎಕ್ಸಲೇಟರ್ ಮುಟ್ಟಿದ್ರ ಕ್ಲಚ್ ಮೆತ್ತಗ ಬಿಟ್ಟು ಗಾಡಿ ಹೊಂಡ್ತೈತಿ. ಗೇರ್ ಬದಲಿ ಮಾಡಬೇಕಂದ್ರ ಎಕ್ಸಲೇಟರ್ ಬಿಟ್ಟು, ಸ್ವಿಚ್ ಒತ್ತಿ ಹಿಡಿದು, ಗೇರ್ ಹಾಕಿ, ಸ್ವಿಚ್ ಬಿಟ್ಟು, ಮತ್ತ ಎಕ್ಸಲೇಟರ್. ಈ ತಾಳ ಕೈಗೆ ಹತ್ತಾಕ ನನಗ ನಾಲ್ಕು ದಿನ ಬೇಕಾತು. ಬ್ರೇಕ್ ಹಿಡಿದು ನಿಂತ್ರ ಕ್ಲಚ್ ತಾನ ಒತ್ತಿಕೊಳ್ತೈತಿ, ಇಂಜಿನ್ ಬಂದ್ ಬೀಳಂಗಿಲ್ಲ. ಉಣಕಲ್ಲ ಕ್ರಾಸ್ ಸಂಜಿ ಆರರ ಟ್ರಾಫಿಕ್‌ದಾಗ, ಅದ ಜಾಗಾದಾಗ ಮೊದಲು ಮನಿಯವ್ರ ಹಣಿ ಮ್ಯಾಲೆ ಬೆವರು ಬರ್ತಿತ್ತು, ಈಗ ಎಡಗಾಲು ಆರಾಮ ಇಟ್ಕೊಂಡು ಹಾಡು ಕೇಳ್ತಾ ಓಡಸ್ತಾರ.

ಆದ್ರ ಇದು ಆಟೋಮ್ಯಾಟಿಕ್ ಅಲ್ಲ, ಅದನ್ನ ಮರೀಬಾರದು. ನಿಂತಾಗ ಫಸ್ಟ್‌ಗೆ ನೀವ ತರಬೇಕು, ಮರೆತು ಥರ್ಡ್‌ನ್ಯಾಗ ಎತ್ತಿದ್ರ ಕಿಟ್ ಪಾಪ ಎತ್ತಾಕ ನೋಡ್ತೈತಿ, ಪ್ಲೇಟ್ ಸುಡ್ತೈತಿ, ವಾಸನಿ ಬರ್ತೈತಿ. ಅದಕ್ಕ ಬಜರ್ ಐತಿ, ಹೊಡಕೊಳ್ತೈತಿ. ಏರಿನ ಮ್ಯಾಲೆ ಎಕ್ಸಲೇಟರ್ ಹಿಡಿದು ಗಾಡಿ ನಿಲ್ಲಸ್ಬಾರದು, ಹ್ಯಾಂಡ್ ಬ್ರೇಕ್ ಎಳೀಬೇಕು, ಮಗಳ ಕಾರಿನಂಗ ಬ್ರೇಕ್ ಬಿಟ್ಟ ಕೂಡ್ಲೆ ಮುಂದ ಹರಿಯಂಗಿಲ್ಲ, ಹಿಂದ ಜಾರ್ತೈತಿ. ರಿವರ್ಸ್ ತಗೊಳ್ಳುವಾಗ ಒಂಚೂರು ಝಟಕಾ ಹೊಡೀತಿತ್ತು, ಎರಡನೇ ಸಲ ಹೋದಾಗ ಸರಿ ಮಾಡಿದ್ರು.

ಜನವರಿಯೊಳಗ ಮೊದಲನೇ ದೊಡ್ಡ ಸವಾರಿ ಮಾಗಡಿ ಕೆರಿಗೆ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕು, ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತು ಬರೋ ಕೆರಿ, 2024ರಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರೈತಿ. ಗದಗ ದಾಟೋತನಕ ಓಡಿಸಿದ್ದು ಮನಿಯವ್ರು, ಅಲ್ಲಿಂದ ನಾನು. ಬೆಳಕು ಹರಿಯೋಕಿಂತ ಮೊದಲ ಕೆರಿ ಮುಟ್ಟಿ, ಗಾಡಿಯೊಳಗ ಚಾ ಕಾಸಿ, ಹಕ್ಕಿ ಹಿಂಡು ಎದ್ದು ಹೊಲದ ಕಡೆ ಹೋಗೋದು ನೋಡಿದ್ವಿ. ಆಪರೇಶನ್ ಆದ ಮ್ಯಾಲೆ ಅವರು ಅಷ್ಟು ಹೊತ್ತು ಮಾತಾಡಿದ್ದು ಅವತ್ತ ಮೊದಲು.

ಫೆಬ್ರವರಿಯೊಳಗ ಅಂಕೋಲಾ. ಕಲಘಟಗಿ, ಯಲ್ಲಾಪುರ ಮ್ಯಾಲೆ ಹೋಗಿ ಅರಬೈಲ್ ಘಟ್ಟ ಇಳಿಯೋದು. ಇಲ್ಲೆ ಒಂದು ಮಾತು. ಇಂಜಿನ್ ತಿರುಗೋದು ಭಾಳ ಕಡಿಮಿ ಆದ್ರ ಬಂದ್ ಬೀಳಬಾರದು ಅಂತ ಕಿಟ್ ತಾನ ಕ್ಲಚ್ ಒತ್ತತೈತಿ. ಇಳಿಜಾರಿನ ತಿರುವಿನ್ಯಾಗ ಥರ್ಡ್‌ನ್ಯಾಗ ನಿಧಾನ ಮಾಡಿದ್ರ ಅದ ಆಗಿ ಇಂಜಿನ್ ಹಿಡಿತ ಬಿಟ್ಟು ಗಾಡಿ ಹಗುರಾಗಿ ಹರೀತೈತಿ, ಒಮ್ಮೆ ನನಗ ಹಂಗ ಆತು, ಎದಿ ಧಸಕ್ಕಂತು. ಚಾಚಾ ಮೊದಲ ಹೇಳಿದ್ದರು, ತಿರುವು ಬರೋಕಿಂತ ಮೊದಲ ಸೆಕೆಂಡ್‌ಗೆ ತರ್ರಿ ಅಂತ. ಸೆಕೆಂಡ್‌ನ್ಯಾಗ ಇಳಿದ್ರ ಇಂಜಿನ್ ಗಟ್ಟಿ ಹಿಡೀತೈತಿ, ಬ್ರೇಕ್ ಬಿಸಿ ಆಗಂಗಿಲ್ಲ. ಹತ್ತುವಾಗ ಏನೂ ತೊಂದರಿ ಇಲ್ಲ, ಮೊದಲಿನಷ್ಟ ಎಳೀತು, ಪಿಕಪ್ ಒಂದಿಷ್ಟೂ ಕಡಿಮಿ ಆಗಿಲ್ಲ.

ತಕರಾರು ಇಲ್ಲಂತ ಅಲ್ಲ. ನಾಲ್ಕು ದಿನ ಅಂದಿದ್ದು ಒಂಬತ್ತು ದಿನ ಆತು, ಕಿಟ್ ಪಾರ್ಸೆಲ್ ತಡಾ ಆಗಿದ್ದಕ್ಕ, ಆದ್ರ ಅದನ್ನ ನಾವ ಫೋನ್ ಮಾಡಿ ಕೇಳಬೇಕಾತು, ಅವರ ತಾವಾಗಿ ಹೇಳಬೇಕಿತ್ತು. ಬಜರ್ ಸದ್ದು ಭಾಳ ಜೋರ, ಕ್ಯಾಂಪರ್ ಒಳಗ ಹಿಂದ ಮಲಗಿದಾವ್ರು ಎದ್ದು ಕುಂಡ್ರತಾರ, ಕಡಿಮಿ ಮಾಡಾಕ ಬರಂಗಿಲ್ಲ ಅಂದ್ರು. ಗೇರ್ ಗುಂಡಿನ ಸ್ವಿಚ್ ಮೂರು ತಿಂಗಳಿಗೆ ಧೂಳು ಹೊಕ್ಕು ಒಂದೊಂದು ಸಲ ಹಿಡೀಲಿಲ್ಲ, ಬದಲಿ ಮಾಡಿ 350 ತಗೊಂಡ್ರು, ಒಂದು ಹೆಚ್ಚಿಂದು ತಗೊಂಡು ಗಾಡಿಯೊಳಗ ಇಟ್ಟೀನಿ. ಏಪ್ರಿಲ್ ಬಿಸಿಲಿಗೆ ಒಂದು ವ್ಯಾಕ್ಯೂಮ್ ಪೈಪು ಸೀಳಿತ್ತು, ಇಂಜಿನ್ ಹತ್ರನ ಹಾದು ಹೋಗೋ ಪೈಪು, ಅದನ್ನ ಮೊದಲ ದೂರ ಹಾಕಬೇಕಿತ್ತು, ಅವರೂ ಒಪ್ಪಿಕೊಂಡ್ರು, ದಪ್ಪ ಪೈಪ್ ಹಾಕಿ ದಾರಿ ಬದಲಿ ಮಾಡಿ ಕೊಟ್ರು, ರೊಕ್ಕ ಮುಟ್ಟಲಿಲ್ಲ.

ಖರ್ಚು ಬರೀತೀನಿ, ಬಿಲ್ ಮುಂದ ಇಟ್ಕೊಂಡೀನಿ. ಕಿಟ್ 36,000, ಕ್ಲಚ್ ಸೆಟ್ 11,800, ಸಿಲಿಂಡರ್ ರಬ್ಬರ್ ಕಿಟ್ 1,900, ಟ್ಯಾಂಕು, ವಾಲ್ವು, ಪೈಪು ಸೇರಿ 3,300, ಮಜೂರಿ 9,000. ಒಟ್ಟು 62,000. ಹಳೇ ಪ್ಲೇಟು, ಬೇರಿಂಗ್ ಎಲ್ಲಾ ಚೀಲದಾಗ ಹಾಕಿ ವಾಪಸ್ ಕೊಟ್ರು, ಕೇಳಲಾರದ.

ಕಾನೂನು ವಿಷಯ. 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಆರ್‌ಸಿಯೊಳಗಿನ ವಿವರ ಕಂಪನಿಯ ಮೂಲ ವಿವರಕ್ಕಿಂತ ಬ್ಯಾರೆ ಆಗೋ ಹಂಗ ಗಾಡಿ ಬದಲಿ ಮಾಡುಹಂಗಿಲ್ಲ, 2019ರ ಜನವರಿಯೊಳಗ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಯಾಗಿ ಹೇಳೈತಿ. ಅದ ವರ್ಷದ ತಿದ್ದುಪಡಿಯೊಳಗ ವಿಶೇಷಚೇತನರ ಸಲುವಾಗಿ ಹೊಂದಿಸಿದ ಗಾಡಿಗೆ ಅಡಾಪ್ಟೆಡ್ ವೆಹಿಕಲ್ ಅಂತ ಹೆಸರು ಕೊಟ್ಟಾರ. ನಾವು ಕೆಲಸ ಹಚ್ಚೋಕಿಂತ ಮೊದಲ ಧಾರವಾಡ ಆರ್‌ಟಿಒಕ್ಕ ಹೋಗಿ ಕೇಳಿ, ಬರದ ಅರ್ಜಿ ಕೊಟ್ಟು, ಸ್ವೀಕೃತಿ ತಗೊಂಡು ಬಂದೀವಿ. ನೀವೂ ಹಂಗ ಮಾಡ್ರಿ, ಹಾಕಿಸಿದ ಮ್ಯಾಲೆ ಕೇಳಬ್ಯಾಡ್ರಿ. ಇನ್ಶೂರೆನ್ಸ್ ಕಂಪನಿಗೂ ಕಿಟ್ ಬಿಲ್ ಕಳಿಸಿ ಪಾಲಿಸಿಯೊಳಗ ಸೇರಿಸಿಕೊಂಡೀವಿ. ಹಳೇ ಗಾಡಿ ಇಟ್ಕೊಳ್ಳೋದು ಈಗ ಮೊದಲಿನಂಗ ಅಗ್ಗ ಇಲ್ಲ, 2023ರಾಗ ಆರ್‌ಸಿ ರಿನೀವಲ್‌ಗೇ 5,000 ಕೊಟ್ಟೀವಿ, ಅಷ್ಟು ಕೊಟ್ಟು ಉಳಿಸಿಕೊಂಡ ಗಾಡಿ ಮನಿ ಮುಂದ ನಿಂತು ತುಕ್ಕು ಹಿಡೀಬಾರದು ಅನ್ನೋದ ನನ್ನ ಹಟ ಇತ್ತು.

ಯಾರಿಗೆ ಇದು ಹೊಂದಂಗಿಲ್ಲ ಅನ್ನೋದನ್ನೂ ಹೇಳಬೇಕು. ಎಡಗೈ ಶಕ್ತಿ ಇಲ್ಲದಾವ್ರಿಗೆ ಬ್ಯಾಡ, ಗೇರ್ ಹಾಕಬೇಕಲ್ಲ, ಅಂಥಾವ್ರು ಕಂಪನಿಯಿಂದನ ಆಟೋಮ್ಯಾಟಿಕ್ ಇರೋ ಬ್ಯಾರೆ ಗಾಡಿ ನೋಡೋದ ಚಲೋ. ದಿನಾ ಬಾಡಿಗಿಗೆ ಓಡಿಸೋ ಗಾಡಿಗೆ ನಾನು ಏನೂ ಹೇಳಂಗಿಲ್ಲ, ನಮ್ಮದು ತಿಂಗಳಿಗೆ ಎರಡು ಸಲ ಹೊರಗ ಹೋಗೋ ಗಾಡಿ. ಕಾಲಿಗೆ ಮಾತ್ರ ತ್ರಾಸ ಇದ್ದು, ಗಾಡಿ ಮ್ಯಾಲೆ ಜೀವ ಇದ್ದಾವ್ರು ಹೋಗಿ ಒಮ್ಮೆ ಚಾಚಾ ಜೋಡಿ ಮಾತಾಡ್ರಿ, ಮಾತಾಡಾಕ ರೊಕ್ಕ ತಗೊಳ್ಳಂಗಿಲ್ಲ. ಗಾಡಿ ಓಡಸಾವ್ರ ಖುದ್ದ ಹೋಗ್ರಿ, ಬ್ಯಾರೆಯವ್ರನ್ನ ಕಳಿಸಿದ್ರ ಅವರು ಕೆಲಸ ಹಿಡಿಯಂಗಿಲ್ಲ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬ್ಯಾಡ್ರಿ, ನಮಾಜಿಗೆ ಹೋಗಿರ್ತಾರ, ಶೆಟರ್ ತೆಗಿಯೋದು ಮೂರರ ಮ್ಯಾಲೆ.